ಒಂದೇ ಡಿಸ್‌ಪ್ಲೇ, ಎರಡು ಯೂನಿಟ್: ಸ್ಟ್ರಾಸ್‌ಬರ್ಗ್‌ನಲ್ಲಿ ಆಗಿದ್ದೇನು?

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನಲ್ಲಿ ಉತ್ತರ ಸರಿ ಇದ್ರೂ ಯೂನಿಟ್ ಬರೆದಿಲ್ಲ ಅಂತ ಅರ್ಧ ಮಾರ್ಕ್ಸ್ ಹೋದಾಗ ನನಗೆ ಸಿಟ್ಟು ಬಂದಿತ್ತು. ನಂಬರ್ ಸರಿ ಇದೆಯಲ್ಲ, ಇನ್ನೇನು ಬೇಕು ಅಂತ. ಇತ್ತೀಚೆಗೆ ಸ್ಟ್ರಾಸ್‌ಬರ್ಗ್ ಏರ್‌ಪೋರ್ಟ್ ಹತ್ತಿರ 1992ರಲ್ಲಿ ಆದ ಅಪಘಾತದ ಬಗ್ಗೆ ಓದಿದ ಮೇಲೆ ಆ ಸಿಟ್ಟು ಪೂರ್ತಿ ಇಳಿದುಹೋಯ್ತು.

ಸ್ಟ್ರಾಸ್‌ಬರ್ಗ್ ಇರೋದು ಫ್ರಾನ್ಸಿನ ಪೂರ್ವ ತುದಿಯಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡು. ಊರಿಂದ ನೈಋತ್ಯಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಎಂಟ್ಸೈಮ್ ಅನ್ನೋ ಹಳ್ಳಿಯ ಪಕ್ಕ ಅದರ ವಿಮಾನ ನಿಲ್ದಾಣ. ಆಗ ಅಲ್ಲಿ ಫ್ರೆಂಚ್ ವಾಯುಪಡೆಯ ನೆಲೆಯೂ ಇತ್ತು. ಏರ್‌ಪೋರ್ಟ್ ಇರೋದು ಸಮತಟ್ಟು ಜಾಗದಲ್ಲಿ, ಆದ್ರೆ ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು ಇದೆ. ನೈಋತ್ಯದ ಕಡೆಯಿಂದ ಇಳಿಯಲು ಬರುವ ವಿಮಾನ ಈ ಬೆಟ್ಟಗಳ ಹತ್ತಿರವೇ ಹಾದುಬರಬೇಕು.

1992ರ ಜನವರಿ 20ರ ಸಂಜೆ ಏರ್ ಇಂಟರ್ ಕಂಪನಿಯ ಏರ್‌ಬಸ್ ಎ320 ಲಿಯೋನ್‌ನಿಂದ ಹೊರಟು ಹಾಗೆ ಬರ್ತಾ ಇತ್ತು. ಒಳಗೆ 96 ಜನ. ಹೊರಗೆ ಕತ್ತಲೆ, ಮೋಡ, ಕೆಳಗೆ ಹಿಮ. ಪೈಲಟ್‌ಗಳು ಮೊದಲು ಅಂದುಕೊಂಡಿದ್ದು ಐಎಲ್‌ಎಸ್ ಹಿಡಿದು ಬಂದು, ಆಮೇಲೆ ಸುತ್ತು ಹಾಕಿ 05ನೇ ರನ್‌ವೇ ತುದಿಯಲ್ಲಿ ಇಳಿಯೋಣ ಅಂತ. ಹಾಗೆ ಮಾಡಿದ್ರೆ ಲೇಟ್ ಆಗುತ್ತೆ ಅಂತ ಗೊತ್ತಾಗಿ, ನೇರವಾಗಿ 05ಕ್ಕೇ ಬರೋದು ಅಂತಾಯ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಐಎಲ್‌ಎಸ್ ಇದ್ರೆ ಎಡ-ಬಲ ಮಾತ್ರ ಅಲ್ಲ, ಎಷ್ಟು ಇಳಿಜಾರಿನಲ್ಲಿ ಇಳಿಯಬೇಕು ಅನ್ನೋದನ್ನೂ ನೆಲದಿಂದ ಬರುವ ರೇಡಿಯೋ ಕಿರಣವೇ ತೋರಿಸುತ್ತೆ. 05ರ ಕಡೆಗೆ ಇದ್ದಿದ್ದು ದಿಕ್ಕು ಮತ್ತು ದೂರ ಹೇಳುವ ವಿಓಆರ್-ಡಿಎಂಇ ಮಾತ್ರ. ಇಳಿಜಾರು ಎಷ್ಟು ಅಂತ ಪೈಲಟ್ ತಾನೇ ಆಟೋಪೈಲಟ್‌ಗೆ ಹೇಳಬೇಕು. ಬೇಕಾಗಿದ್ದದ್ದು 3.3 ಡಿಗ್ರಿ.

ಎ320ಯಲ್ಲಿ ಇದನ್ನು ಹೇಳಲು ಒಂದು ಗುಂಡಿ, ಅದರ ಮೇಲೆ ಒಂದು ಪುಟ್ಟ ಡಿಸ್‌ಪ್ಲೇ ಇದೆ. ಅದಕ್ಕೆ ಎರಡು ಮೋಡ್. ಒಂದರಲ್ಲಿ ನೀವು ತಿರುಗಿಸೋದು ಇಳಿಜಾರಿನ ಕೋನ, ಡಿಗ್ರಿಯಲ್ಲಿ. ಇನ್ನೊಂದರಲ್ಲಿ ಇಳಿಯುವ ವೇಗ, ನಿಮಿಷಕ್ಕೆ ಇಷ್ಟು ಅಡಿ ಅಂತ. ಒಂದು ಬಟನ್ ಒತ್ತಿದ್ರೆ ಮೋಡ್ ಬದಲಾಗುತ್ತೆ. ಗುಂಡಿ ಅದೇ, ಕಿಂಡಿ ಅದೇ. ಅಂದಿನ ಡಿಸೈನ್‌ನಲ್ಲಿ ವೇಗದ ಕೊನೆಯ ಎರಡು ಸೊನ್ನೆ ತೋರಿಸ್ತಾ ಇರಲಿಲ್ಲ. ಹಾಗಾಗಿ 3.3 ಡಿಗ್ರಿ ಕಾಣೋದು -3.3 ಅಂತ, ನಿಮಿಷಕ್ಕೆ 3,300 ಅಡಿ ಕಾಣೋದು -33 ಅಂತ. ನಡುವೆ ಒಂದು ಚುಕ್ಕಿ, ಮೇಲೆ ಮೋಡ್‌ನ ಸಣ್ಣ ಅಕ್ಷರ, ಅಷ್ಟೇ.

ಲೆಕ್ಕ ಹಾಕಿ ನೋಡಿ. ವಿಮಾನ 145 ನಾಟ್‌ನಲ್ಲಿ ಹೋಗ್ತಿದೆ ಅಂದುಕೊಳ್ಳೋಣ, ಅಂದ್ರೆ ನಿಮಿಷಕ್ಕೆ ಸುಮಾರು 14,700 ಅಡಿ. ಟ್ಯಾನ್ 3.3 ಡಿಗ್ರಿ ಅಂದ್ರೆ ಹತ್ತಿರಹತ್ತಿರ 0.058. ಗುಣಿಸಿದ್ರೆ ನಿಮಿಷಕ್ಕೆ ಸುಮಾರು 850 ಅಡಿ ಇಳಿಯಬೇಕು. ವಿಮಾನ ಇಳಿದದ್ದು ಹೆಚ್ಚುಕಡಿಮೆ 3,300 ಅಡಿಯ ವೇಗದಲ್ಲಿ. ನಾಲ್ಕು ಪಟ್ಟು!

5,000 ಅಡಿಯಿಂದ ಇಳಿಯಲು ಶುರು ಮಾಡಿ ಒಂದು ನಿಮಿಷದ ಆಸುಪಾಸಿನಲ್ಲೇ ಅದು ಮೋಂ ಸ್ಯಾಂತ್ ಒಡಿಲ್ ಬೆಟ್ಟದ ಬಳಿ ಕಾಡಿಗೆ ಬಡಿಯಿತು. 87 ಜನ ಸತ್ತರು. ರಕ್ಷಣಾ ತಂಡ ಜಾಗ ಹುಡುಕೋಕೆ ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು. ಬದುಕುಳಿದ 9 ಜನ ಅಷ್ಟು ಹೊತ್ತು ಹಿಮದಲ್ಲೇ ಕಾದಿದ್ದರು.

ಕಾಕ್‌ಪಿಟ್‌ನಲ್ಲಿ ಇಬ್ಬರಿದ್ದರು, ಒಬ್ಬರಿಗೂ ಕಾಣಲಿಲ್ವಾ ಅಂತ ನಾನೂ ಕೇಳಿಕೊಂಡೆ. ಇಳಿಯುವ ವೇಗ ಮುಂದಿನ ಸ್ಕ್ರೀನಿನಲ್ಲೂ ಇರುತ್ತೆ. ಆದ್ರೆ ವಿಮಾನ ರನ್‌ವೇ ಗೆರೆಗೆ ಸರಿಯಾಗಿ ಸೇರಿರಲಿಲ್ಲ, ಇಬ್ಬರ ಗಮನವೂ ಅದನ್ನು ಸರಿ ಮಾಡೋದರಲ್ಲಿತ್ತು. ಇಬ್ಬರಿಗೂ ಸಾವಿರಾರು ಗಂಟೆ ಹಾರಾಟದ ಅನುಭವ ಇದ್ರೂ ಎ320ಯಲ್ಲಿ ಮಾತ್ರ ಕ್ಯಾಪ್ಟನ್‌ಗೆ 162 ಗಂಟೆ, ಕೋ-ಪೈಲಟ್‌ಗೆ 61. ನೆಲ ಹತ್ತಿರ ಬಂದಾಗ ಕೂಗಿ ಹೇಳುವ ಜಿಪಿಡಬ್ಲ್ಯೂಎಸ್ ಅನ್ನೋ ಸಾಧನ ಆ ವಿಮಾನದಲ್ಲಿ ಇರಲೇ ಇಲ್ಲ. ಸುಳ್ಳು ಅಲಾರಂ ಜಾಸ್ತಿ ಅಂತ ಕಂಪನಿ ಹಾಕಿಸಿರಲಿಲ್ಲ, ಕಾನೂನು ಕೂಡ ಕಡ್ಡಾಯ ಮಾಡಿರಲಿಲ್ಲ.

ತನಿಖಾ ಆಯೋಗ ಇದೇ ಕಾರಣ ಅಂತ ಖಡಾಖಂಡಿತವಾಗಿ ಹೇಳಿಲ್ಲ. ಮುಖ್ಯ ಫ್ಲೈಟ್ ರೆಕಾರ್ಡರ್ ಬೆಂಕಿಯಲ್ಲಿ ಹಾಳಾಗಿತ್ತು. ಇದ್ದ ಬೇರೆ ಡೇಟಾ ನೋಡಿ, ಮೋಡ್ ಬದಲಿಸೋದು ಮರೆತಿರಬಹುದು ಅಥವಾ ತಪ್ಪಾಗಿ ಬದಲಿಸಿರಬಹುದು ಅನ್ನೋದು ಹೆಚ್ಚು ಸಂಭವನೀಯ ಅಂದರು.

ಇಂಥ ಗುಂಡಿ ಗೊಂದಲದ ಅನುಮಾನ ನಮ್ಮ ಬೆಂಗಳೂರಲ್ಲೂ ಬಂದಿತ್ತು. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ಎಚ್‌ಎಎಲ್ ರನ್‌ವೇ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿದ್ದು 92 ಜನ ತೀರಿಕೊಂಡರು. ಇಳಿಯುವ ವೇಗದ ಗುಂಡಿ ಅಂದುಕೊಂಡು ಪಕ್ಕದ ಎತ್ತರದ ಗುಂಡಿ ತಿರುಗಿಸಿರಬಹುದು ಅನ್ನೋದು ಅಲ್ಲಿ ಚರ್ಚೆಯಾದ ಒಂದು ಸಾಧ್ಯತೆ.

"ಪೈಲಟ್ ತಪ್ಪು" ಅಂತ ಹೇಳಿ ಮುಗಿಸೋದು ಸುಲಭ. ಆದ್ರೆ ನಮ್ಮ ಮಿನಿ ಪ್ರಾಜೆಕ್ಟ್ ಗಡಿಯಾರದಲ್ಲೇ ಒಂದು ಬಟನ್ ಉಳಿಸೋಕೆ ಅಂತ ಅಲಾರಂಗೂ ಟೈಮಿಗೂ ಒಂದೇ ಬಟನ್ ಇಟ್ಟಿದ್ದೀವಿ. ಕೋಡ್ ಬರೆದ ನಾನೇ ಎರಡು ಸಲ ಅಲಾರಂ ಅಂತ ಟೈಮ್ ಬದಲಿಸಿದ್ದೀನಿ. ಕತ್ತಲಲ್ಲಿ, ಅವಸರದಲ್ಲಿ, ಬೆಟ್ಟದ ಪಕ್ಕ ಕೂತು ಒತ್ತಬೇಕಾದವರ ಸ್ಥಿತಿ ನೀವೇ ಯೋಚಿಸಿ.

ಸ್ಟ್ರಾಸ್‌ಬರ್ಗ್ ಆದ ಮೇಲೆ ಏರ್‌ಬಸ್ ಆ ಡಿಸ್‌ಪ್ಲೇ ಬದಲಿಸಿತು. ವೇಗ ಈಗ ಪೂರ್ತಿ ನಾಲ್ಕು ಅಂಕಿಯಲ್ಲಿ, -3300 ಅಂತಲೇ ಬರುತ್ತೆ. ಫ್ರಾನ್ಸ್ ಜಿಪಿಡಬ್ಲ್ಯೂಎಸ್ ಕಡ್ಡಾಯ ಮಾಡಿತು. ರೆಕಾರ್ಡರ್‌ಗಳು ಬಹಳ ಹೊತ್ತು ಉರಿಯುವ ಬೆಂಕಿಯನ್ನೂ ತಾಳಬೇಕು ಅನ್ನೋ ಶಿಫಾರಸು ಬಂತು. ಕ್ರಿಮಿನಲ್ ಕೇಸ್ ಮಾತ್ರ ಎಳೆದು ಎಳೆದು, ಕೋಲ್ಮಾರ್ ಕೋರ್ಟಿನಲ್ಲಿ ವಿಚಾರಣೆಗೆ ಬಂದಿದ್ದು 2006ರಲ್ಲಿ. ಕಟಕಟೆಯಲ್ಲಿ ಆರು ಜನ ಇದ್ದರು: ಏರ್‌ಬಸ್‌ನವರು, ಏರ್ ಇಂಟರ್‌ನವರು, ವಿಮಾನಯಾನ ಇಲಾಖೆಯ ಅಧಿಕಾರಿಗಳು, ಅವತ್ತಿನ ಕಂಟ್ರೋಲರ್. ಆರೂ ಜನ ಖುಲಾಸೆಯಾದರು. ಸತ್ತವರ ಮನೆಯವರು ಅದಕ್ಕೆ ಹದಿನಾಲ್ಕು ವರ್ಷ ಕಾದಿದ್ದರು.