ಪರದೆಯ ಬಣ್ಣವೂ ಕಾಗದದ ಬಣ್ಣವೂ

ಕನ್ನಡಿಯೊಳಗಿನ ಗಂಟು ಕಣ್ಣಿಗೆ ಕಾಣುತ್ತದೆಯೇ ಹೊರತು ಕೈಗೆ ದಕ್ಕುವುದಿಲ್ಲವೆಂಬುದು ಹಿರಿಯರ ಮಾತು. ಕಂಪ್ಯೂಟರಿನ ಪರದೆಯ ಮೇಲೆ ಹೊಳೆಯುವ ಛಾಯಾಚಿತ್ರವನ್ನು ಮನೆಯ ಮುದ್ರಣಯಂತ್ರದಿಂದ ಕಾಗದಕ್ಕೆ ಇಳಿಸಲು ಹೊರಟವರಿಗೆ ಮೊದಲು ಎದುರಾಗುವುದೂ ಇದೇ ಅನುಭವ. ಪರದೆಯಲ್ಲಿ ನಗುತ್ತಿದ್ದ ಮುಖ ಕಾಗದದಲ್ಲಿ ಕಪ್ಪಿಟ್ಟಿರುತ್ತದೆ. ಬಾಳೆಯ ಸುಳಿಯಂತಿದ್ದ ಹಸಿರು ಸೀರೆ ಪಾಚಿಯ ಬಣ್ಣ ತಳೆದಿರುತ್ತದೆ. ಸುಣ್ಣದ ಗೋಡೆಗೆ ನಸುಗೆಂಪು ಅಡರಿರುತ್ತದೆ. ಯಂತ್ರ ಕೆಟ್ಟಿತೆಂದು ಕೆಲವರು ಶಾಯಿಯನ್ನು ಬದಲಿಸುತ್ತಾರೆ, ಕೆಲವರು ಯಂತ್ರವನ್ನೇ ಬದಲಿಸುತ್ತಾರೆ. ವ್ಯತ್ಯಾಸ ಮಾತ್ರ ಹಾಗೆಯೇ ಉಳಿಯುತ್ತದೆ.

ಊರು ಬಿಟ್ಟು ಬಂದ ಕುಟುಂಬಗಳಿಗೆ ಇದು ಬರಿಯ ಹವ್ಯಾಸದ ಪ್ರಶ್ನೆಯಲ್ಲ. ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ನಡೆದ ಮದುವೆ, ಉಪನಯನಗಳ ಚಿತ್ರಗಳು ಇಂದು ಫತೇಗಂಜಿನ ಮನೆಯನ್ನು ತಲುಪುವುದು ಮೊಬೈಲಿನ ಮೂಲಕ. ಅಜ್ಜಿಯನ್ನು ಕಣ್ಣಾರೆ ಕಾಣದೆ ಬೆಳೆಯುವ ಮೊಮ್ಮಕ್ಕಳಿಗೆ ಗೋಡೆಯ ಮೇಲಿನ ಚಿತ್ರವೇ ಅಜ್ಜಿ. ಆಕೆಯ ಮೈಬಣ್ಣ, ಸೀರೆಯ ಅಂಚು, ಹಣೆಯ ಕುಂಕುಮ ಇದ್ದುದು ಇದ್ದಂತೆಯೇ ಉಳಿಯಬೇಕೆಂಬ ಹಂಬಲ ಸಹಜವಾದುದು.

ಕೂಡುವ ಲೆಕ್ಕ, ಕಳೆಯುವ ಲೆಕ್ಕ

ಪರದೆಯು ತಾನೇ ಬೆಳಗುವ ವಸ್ತು. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸುತ್ತ ಹೋದಂತೆ ಅದು ಬಿಳುಪಿಗೆ ಹತ್ತಿರವಾಗುತ್ತದೆ. ಒಂದೊಂದು ಬೆಳಕಿಗೂ 256 ಮೆಟ್ಟಿಲುಗಳಂತೆ ಗುಣಿಸಿದರೆ 1 ಕೋಟಿ 67 ಲಕ್ಷಕ್ಕೂ ಮಿಕ್ಕ ಮಿಶ್ರಣಗಳಾಗುತ್ತವೆ. ಕಾಗದಕ್ಕಾದರೋ ಸ್ವಂತ ಬೆಳಕಿಲ್ಲ. ಅದು ಕೋಣೆಯ ಬೆಳಕನ್ನು ಸಾಲ ಪಡೆದು, ಅದರಲ್ಲಿ ಒಂದು ಪಾಲನ್ನು ಶಾಯಿಗೆ ತೆತ್ತು, ಉಳಿದುದನ್ನು ನಮ್ಮ ಕಣ್ಣಿಗೆ ಹಿಂದಿರುಗಿಸುತ್ತದೆ. ಸಯಾನ್ ಎಂಬ ಹಸಿರುಮಿಶ್ರಿತ ನೀಲಿ, ಮಜೆಂಟಾ ಎಂಬ ನೇರಳೆಗೆಂಪು, ಹಳದಿ ಮತ್ತು ಕಪ್ಪು ಮುದ್ರಣದ ಮೂಲ ಶಾಯಿಗಳು. ಇವುಗಳನ್ನು ಬೆರೆಸಿದಷ್ಟೂ ಬೆಳಕು ಕುಗ್ಗುತ್ತದೆ. ಒಂದು ಕೂಡುವ ಲೆಕ್ಕ, ಇನ್ನೊಂದು ಕಳೆಯುವ ಲೆಕ್ಕ.

ಆದಕಾರಣ ಪರದೆ ತೋರಬಲ್ಲ ಕೆಲವು ಬಣ್ಣಗಳು ಶಾಯಿಯ ಶಕ್ತಿಗೆ ಮೀರಿದವು. ನವರಾತ್ರಿಯ ಗರಬಾದಲ್ಲಿ ದೀಪದ ಬೆಳಕಿಗೆ ಝಗಝಗಿಸುವ ಚಣಿಯಾ ಚೋಳಿಯ ಕಡುನೀಲಿ, ಗಿಳಿಹಸಿರು ಮತ್ತು ರಾಣಿ ಬಣ್ಣಗಳನ್ನು ಮುದ್ರಿಸಿ ನೋಡಿದವರಿಗೆ ಈ ಮಾತು ಬಲ್ಲ ವಿಷಯ. ಅಂಥಲ್ಲಿ ಯಂತ್ರವು ತನ್ನಲ್ಲಿರುವ ಸಮೀಪದ ಬಣ್ಣವನ್ನು ಆರಿಸಿಕೊಳ್ಳುತ್ತದೆ. ಅದು ಯಂತ್ರದ ದೋಷವಲ್ಲ, ಶಾಯಿಯ ಮಿತಿ.

ಬರೋಡೆಯ ಹಳೆಯ ಪಾಠ

ಮೂಲವನ್ನು ಕಾಗದಕ್ಕೆ ಇಳಿಸುವ ಈ ತೊಡಕು ವಡೋದರಾ ನಗರಕ್ಕೆ ಹೊಸದಲ್ಲ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರಿಗಾಗಿ ರಾಜಾ ರವಿವರ್ಮರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ರಚಿಸಿಕೊಟ್ಟರು. ಹಿಂದೆ ಬರೋಡೆಯ ದಿವಾನರಾಗಿದ್ದ ಸರ್ ಟಿ. ಮಾಧವರಾಯರು 1884ರಲ್ಲಿಯೇ ರವಿವರ್ಮರಿಗೆ ಪತ್ರ ಬರೆದು, ಅವರ ಚಿತ್ರಗಳ ಮುದ್ರಿತ ಪ್ರತಿಗಳನ್ನು ಯೂರೋಪಿನಲ್ಲಿ ಮಾಡಿಸುವಂತೆ ಸೂಚಿಸಿದ್ದರು. ಮುಂದೆ 1894ರಲ್ಲಿ ಮುಂಬಯಿಯಲ್ಲಿ ರವಿವರ್ಮರ ಮುದ್ರಣಾಲಯವೇ ಆರಂಭವಾಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದರ ಮೇಲೊಂದು ಅಚ್ಚೊತ್ತುವ ಕ್ರಮ ಅದು. ಅರಮನೆಯ ಗೋಡೆಯಲ್ಲಿದ್ದ ಲಕ್ಷ್ಮೀ ಸರಸ್ವತಿಯರು ಬಡವರ ದೇವರ ಕೋಣೆಗೂ ಬಂದರು.

ಎಣ್ಣೆಬಣ್ಣದ ಆಳ, ಹೊಳಪುಗಳೆಲ್ಲ ಆ ಕಾಗದಕ್ಕೆ ಬರಲಿಲ್ಲ. ವಡೋದರಾದ ಮಹಾರಾಜ ಫತೇಸಿಂಗ್ ವಸ್ತುಸಂಗ್ರಹಾಲಯದಲ್ಲಿಯೋ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿಯೋ ಮೂಲಚಿತ್ರಗಳನ್ನು ಕಂಡವರು ಈ ಅಂತರವನ್ನು ಒಡನೆಯೇ ಗುರುತಿಸುತ್ತಾರೆ. ಆದರೂ ಅಚ್ಚಿನ ಪ್ರತಿಯನ್ನು ಯಾರೂ ಸುಳ್ಳೆನ್ನಲಿಲ್ಲ. ಭಾವ ಉಳಿದಿತ್ತು, ಬಣ್ಣಗಳ ಪರಸ್ಪರ ಸಂಬಂಧ ಉಳಿದಿತ್ತು. ಮನೆಯ ಮುದ್ರಣದಲ್ಲಿಯೂ ಸಾಧಿಸಬೇಕಾದುದು ಇಷ್ಟೇ. ಫತೇಗಂಜಿಗೆ ಸಮೀಪದಲ್ಲಿಯೇ ಇರುವ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಲ್ಲಿ ಆರಂಭವಾಯಿತು. ಅಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಜ್ಯೋತಿ ಭಟ್ಟರು ಮುದ್ರಣಕಲೆ, ಛಾಯಾಗ್ರಹಣ ಎರಡರಲ್ಲಿಯೂ ಖ್ಯಾತರು. ಮೊದಲು ಪರೀಕ್ಷೆಗೆಂದು ಒಂದು ಪ್ರತಿ ತೆಗೆದು, ತಿದ್ದಿ, ಆಮೇಲೆ ಪೂರ್ಣ ಪ್ರತಿ ತೆಗೆಯುವುದು ಮುದ್ರಣಕಲಾವಿದರ ರೂಢಿ. ಮನೆಯಲ್ಲಿ ಮುದ್ರಿಸುವವರಿಗೂ ಅದು ಅನುಕರಣೀಯ.

ತಾಳೆ ನೋಡುವ ಕ್ರಮ

ಬ್ಯಾಂಕಿನ ಪಾಸ್ ಪುಸ್ತಕವೂ ವ್ಯಾಪಾರಿಯ ಲೆಕ್ಕದ ಪುಸ್ತಕವೂ ಒಂದೇ ದಿನ ಬೇರೆ ಬೇರೆ ಶಿಲ್ಕು ತೋರಿಸಿದರೆ ತಿಳಿದವರು ಗಾಬರಿಯಾಗುವುದಿಲ್ಲ. ವ್ಯತ್ಯಾಸಕ್ಕೆ ಕಾರಣವಾದ ಬಾಬುಗಳನ್ನು ಒಂದೊಂದಾಗಿ ಗುರುತಿಸಿ ತಾಳೆ ನೋಡುತ್ತಾರೆ. ಪರದೆ ಮತ್ತು ಕಾಗದಗಳ ವಿಷಯದಲ್ಲಿಯೂ ಇದೇ ಕ್ರಮ ಸೂಕ್ತ.

ಮೊದಲನೆಯ ಬಾಬು ಪರದೆಯ ಪ್ರಕಾಶ. ಚಿತ್ರ ಕಪ್ಪಾಗಿ ಬಂದಿತೆಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ಇದೇ ಮೂಲ. ಅಂಗಡಿಯಲ್ಲಿ ಗಿರಾಕಿಯ ಕಣ್ಸೆಳೆಯುವಂತೆ ಪರದೆಯನ್ನು ಅತಿಯಾಗಿ ಬೆಳಗಿಸಿರುತ್ತಾರೆ. ಮನೆಗೆ ಬಂದ ಮೇಲೂ ಅದು ಹಾಗೆಯೇ ಇರುತ್ತದೆ. ಮುದ್ರಣದ ಕೆಲಸಕ್ಕೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಪ್ರಕಾಶ ಸಾಕು. ಅಳೆಯುವ ಉಪಕರಣವಿಲ್ಲದವರು ಒಂದು ಬಿಳಿಯ ಹಾಳೆಯನ್ನು ಒಳ್ಳೆಯ ಬೆಳಕಿನಲ್ಲಿ ಪರದೆಯ ಪಕ್ಕಕ್ಕೆ ಹಿಡಿದು, ಪರದೆಯ ಬಿಳುಪು ಹಾಳೆಯ ಬಿಳುಪಿಗೆ ಸಮವಾಗಿ ತೋರುವವರೆಗೆ ಪ್ರಕಾಶವನ್ನು ತಗ್ಗಿಸಬಹುದು. ಸಂಜೆಯ ಹೊತ್ತಿಗೆ ಪರದೆಯನ್ನು ಹಳದಿಗೊಳಿಸುವ ಏರ್ಪಾಡು ಅನೇಕ ಯಂತ್ರಗಳಲ್ಲಿದೆ. ಚಿತ್ರ ತಿದ್ದುವಾಗ ಅದನ್ನು ನಿಲ್ಲಿಸತಕ್ಕದ್ದು.

ಎರಡನೆಯದು ಬಣ್ಣದ ಒಡಂಬಡಿಕೆ. 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗವು ಮನುಷ್ಯನ ದೃಷ್ಟಿಯನ್ನು ಆಧರಿಸಿ ಬಣ್ಣಗಳನ್ನು ಅಂಕಿಗಳಲ್ಲಿ ಗುರುತಿಸುವ ಪದ್ಧತಿಯನ್ನು ರೂಪಿಸಿತು. 1993ರಲ್ಲಿ ಎಂಟು ಕಂಪನಿಗಳು ಸೇರಿ ಸ್ಥಾಪಿಸಿದ ಒಕ್ಕೂಟವು ಪರದೆ, ಮುದ್ರಣಯಂತ್ರಗಳ ಬಣ್ಣದ ಗುಣವನ್ನು ವಿವರಿಸುವ 'ಪ್ರೊಫೈಲ್' ಎಂಬ ಕಡತದ ಮಾದರಿಯನ್ನು ನಿಗದಿಗೊಳಿಸಿತು. ಮನೆಯ ಬಳಕೆಗೆ 1996ರಲ್ಲಿ ಸೂಚಿತವಾದ 'ಎಸ್‌ಆರ್‌ಜಿಬಿ' ಎಂಬ ಮಾನಕವೇ ಸುರಕ್ಷಿತ. ಬಣ್ಣದ ಹೊಂದಾಣಿಕೆಯನ್ನು ಚಿತ್ರ ತಿದ್ದುವ ತಂತ್ರಾಂಶಕ್ಕಾಗಲೀ ಮುದ್ರಣಯಂತ್ರಕ್ಕಾಗಲೀ ಒಪ್ಪಿಸಬೇಕು. ಇಬ್ಬರಿಗೂ ಒಪ್ಪಿಸಿದರೆ ಒಂದೇ ರಕಮನ್ನು ಎರಡು ಸಲ ಖರ್ಚು ಬರೆದಂತಾಗುತ್ತದೆ.

ಮೂರನೆಯದು ಕಾಗದ. ಎಷ್ಟು ಶಾಯಿ ಸುರಿಯಬೇಕೆಂಬುದನ್ನು ಯಂತ್ರವು ತನಗೆ ತಿಳಿಸಿದ ಕಾಗದದ ಜಾತಿಯನ್ನು ನೋಡಿ ನಿರ್ಧರಿಸುತ್ತದೆ. ಹೊಳಪಿನ ಕಾಗದವನ್ನಿಟ್ಟು ಸಾದಾ ಕಾಗದವೆಂದು ಹೇಳಿದರೆ ಬಣ್ಣ ಕೆಡುವುದು ನಿಶ್ಚಿತ. ವಡೋದರಾದ ಬೇಸಿಗೆಯಲ್ಲಿ ಶಾಯಿ ಬೀಳುವ ಸೂಕ್ಷ್ಮರಂಧ್ರಗಳು ಒಣಗಿ ಕಟ್ಟಿಕೊಳ್ಳುವುದುಂಟು. ಮಳೆಗಾಲದಲ್ಲಿ ತೆರೆದಿಟ್ಟ ಕಾಗದ ತೇವ ಹೀರುವುದುಂಟು. ರಂಧ್ರಪರೀಕ್ಷೆಯ ಹಾಳೆ ತೆಗೆದು ನೋಡುವುದು, ಕಾಗದವನ್ನು ಮುಚ್ಚಿಡುವುದು ಒಳ್ಳೆಯ ಅಭ್ಯಾಸ.

ಇಷ್ಟಾದ ಮೇಲೆ ಅಂಗೈಯಗಲದ ಪ್ರತಿಯೊಂದನ್ನು ತೆಗೆದು, ಶಾಯಿ ಪೂರ್ಣವಾಗಿ ಆರಲು ಬಿಟ್ಟು, ಮರುದಿನ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದ್ದೆಂಬುದನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೆ ಮೂರು ನಾಲ್ಕು ಪ್ರತಿಗಳೊಳಗೆ ತೃಪ್ತಿಕರ ಫಲ ದೊರೆಯುತ್ತದೆ.

ನೋಡುವ ಬೆಳಕು, ನೋಡುವ ಕಣ್ಣು

ರೇಷ್ಮೆ ಸೀರೆ ಕೊಳ್ಳುವಾಗ ನಮ್ಮ ತಾಯಂದಿರು ಅದನ್ನು ಅಂಗಡಿಯ ಬಾಗಿಲಿಗೆ ತಂದು ಹಗಲಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇದರಲ್ಲಿ ಶುದ್ಧ ವಿಜ್ಞಾನವಿದೆ. ಒಂದು ದೀಪದಡಿ ಸಮವಾಗಿ ತೋರುವ ಎರಡು ಬಣ್ಣಗಳು ಇನ್ನೊಂದು ದೀಪದಡಿ ಬೇರೆಯಾಗಬಲ್ಲವು. ಮುದ್ರಣೋದ್ಯಮದಲ್ಲಿ ಪ್ರತಿಗಳನ್ನು ಪರಿಶೀಲಿಸಲು 5000 ಕೆಲ್ವಿನ್ ಬೆಳಕನ್ನು ಗೊತ್ತುಮಾಡಿದ್ದಾರೆ. ಮನೆಯಲ್ಲಿ ಕಿಟಕಿಯ ಪಕ್ಕದ ನೆರಳು ಸಾಕು. ಆದರೆ ಚಿತ್ರವು ಹಳದಿ ದೀಪದ ಕೋಣೆಯಲ್ಲಿ ತೂಗಬೇಕಾದುದಾದರೆ ಅಲ್ಲಿಯೂ ಒಮ್ಮೆ ಹಿಡಿದು ನೋಡುವುದು ವಿವೇಕ.

ನೋಡುವ ಕಣ್ಣೂ ಎಲ್ಲರದೂ ಒಂದೇ ಅಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದವರು ನೀಲಿಯೂ ಬಿಳಿಯೂ ಹೊಸದಾಗಿ ಹೊಳೆಯುತ್ತವೆಂದು ಹೇಳುವುದು ಈ ಕಾರಣದಿಂದ. ಕೆಂಪು ಹಸಿರುಗಳನ್ನು ಬೇರ್ಪಡಿಸಲಾಗದ ಹುಟ್ಟುನ್ಯೂನತೆ ಗಂಡಸರಲ್ಲಿಯೇ ಹೆಚ್ಚು. ಅದನ್ನು ಗುರುತಿಸಲು 1917ರಲ್ಲಿ ಪ್ರಕಟವಾದ ಇಷಿಹಾರಾ ಚುಕ್ಕೆಚಿತ್ರಗಳು ಇಂದಿಗೂ ಬಳಕೆಯಲ್ಲಿವೆ. ಆದ್ದರಿಂದ ಒಂದೇ ಚಿತ್ರದ ಬಗ್ಗೆ ತಂದೆ ಮಗನಿಗೆ ಭಿನ್ನಾಭಿಪ್ರಾಯ ಬಂದರೆ ಇಬ್ಬರೂ ಪ್ರಾಮಾಣಿಕರಿರಬಹುದು. ಬಣ್ಣಗಳು ಇದ್ದಕ್ಕಿದ್ದಂತೆ ಮಂಕಾಗಿ ಕಂಡರೆ, ಅಥವಾ ಒಂದು ಕಣ್ಣಿಗೂ ಇನ್ನೊಂದಕ್ಕೂ ಬೇರೆಯಾಗಿ ಕಂಡರೆ, ಮುದ್ರಣಯಂತ್ರವನ್ನು ದೂರದೆ ನೇತ್ರವೈದ್ಯರನ್ನು ಕಾಣಬೇಕು. ಪರದೆಯ ಮುಂದೆ ಕುಳಿತವರು ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ವಸ್ತುವಿನತ್ತ ದೃಷ್ಟಿ ಹಾಯಿಸುವುದೂ ಕಣ್ಣು ಮಿಟುಕಿಸುವುದನ್ನು ಮರೆಯದಿರುವುದೂ ಹಿತಕರ.

ಕೊನೆಯದಾಗಿ, ಮುಖದ ಬಣ್ಣ. ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿಯು ಬಣ್ಣ ಹೊಂದಿಸಲೆಂದು ಪ್ರಯೋಗಶಾಲೆಗಳಿಗೆ ಕಳುಹಿಸುತ್ತಿದ್ದ 'ಶರ್ಲಿ ಕಾರ್ಡ್' ಎಂಬ ಮಾದರಿಯಲ್ಲಿ ಬಹುಕಾಲ ಇದ್ದುದು ಬಿಳಿಯ ಹೆಂಗಸಿನ ಚಿತ್ರ. ಆಕೆಯ ಚರ್ಮಕ್ಕೆ ಹೊಂದಿಸಿದ ಬಣ್ಣದಲ್ಲಿ ಕಪ್ಪು ಮೈಬಣ್ಣದವರಿಗೆ ನ್ಯಾಯ ಸಿಗಲಿಲ್ಲ. ಇಂದಿನ ಎಷ್ಟೋ ಮೊಬೈಲುಗಳು ಕೇಳದೆಯೇ ಮುಖವನ್ನು ಬೆಳ್ಳಗೆ ಮಾಡಿ, ಸುಕ್ಕುಗಳನ್ನು ಅಳಿಸಿಬಿಡುತ್ತವೆ. ಅಂಥ ಪರದೆಗೆ ಕಾಗದವನ್ನು ಹೊಂದಿಸಿದರೆ ತಪ್ಪಿಗೆ ತಪ್ಪನ್ನು ತಾಳೆ ಮಾಡಿದಂತಾಗುತ್ತದೆ. ಆ ಏರ್ಪಾಡನ್ನು ತೆಗೆದುಹಾಕಿ, ಪ್ರತಿಯನ್ನು ಆ ವ್ಯಕ್ತಿಯ ಪಕ್ಕಕ್ಕೇ ಹಿಡಿದು ನೋಡುವುದು ಉತ್ತಮ. ವ್ಯಕ್ತಿ ಇಲ್ಲದಿದ್ದರೆ ಪೆಟ್ಟಿಗೆಯಲ್ಲಿರುವ ಅವರ ಸೀರೆಯೋ ಶಾಲೋ ಸಾಕ್ಷಿ ಹೇಳುತ್ತದೆ. ಪರದೆಯು ಮಧ್ಯವರ್ತಿ ಮಾತ್ರ. ಅಸಲು ಇರುವುದು ಮನುಷ್ಯರಲ್ಲಿ. ಆ ಅಸಲಿಗೆ ನಿಷ್ಠವಾದ ಪ್ರತಿಯನ್ನು ಗಾಜಿನ ಚೌಕಟ್ಟಿನಲ್ಲಿಟ್ಟು, ನೇರ ಬಿಸಿಲು ತಾಗದ ಗೋಡೆಗೆ ತೂಗಿದರೆ ಮನೆಯ ಮಕ್ಕಳು ತಮ್ಮ ಹಿರಿಯರನ್ನು ಇದ್ದಂತೆಯೇ ಅರಿತು ಬೆಳೆಯುವರು.