ನಾವು ಊರಿಗೆ ಹೋದರೆ ಆಯಾಗೆ ಯಾಕೆ ಸಂಬಳ ಕೊಡಬೇಕು?

ಏಪ್ರಿಲ್ ಬಂತೆಂದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. "ನಾವು 15 ದಿನ ಊರಿಗೆ ಹೋಗ್ತಿದ್ದೀವಿ. ಮಗು ನೋಡಿಕೊಳ್ಳೋ ಆಯಾಗೆ ಆ ದಿನಗಳ ಸಂಬಳ ಕೊಡಬೇಕಾ?" ಉತ್ತರಗಳು ಸಾಲಾಗಿ ಬರುತ್ತವೆ. "ಕೊಡಬೇಡಿ, ಅಭ್ಯಾಸ ಆಗಿಬಿಡುತ್ತೆ." "ಅರ್ಧ ಕೊಡಿ, ಸಾಕು." ಕೊನೆಗೆ ಯಾರೋ ಒಬ್ಬರು ಕಾನೂನನ್ನೇ ತಂದು ಮುಂದಿಡುತ್ತಾರೆ: "ನೋ ವರ್ಕ್ ನೋ ಪೇ. ಸುಪ್ರೀಂ ಕೋರ್ಟೇ ಹೇಳಿದೆ." ಅಲ್ಲಿಗೆ ಮಾತು ಮುಗಿಯುತ್ತದೆ, ಆ ಸಾಲು ಇನ್ನೊಂದು ಗುಂಪಿಗೆ ಫಾರ್ವರ್ಡ್ ಆಗುತ್ತದೆ.

ಸುಪ್ರೀಂ ಕೋರ್ಟ್ ಹಾಗೆ ಹೇಳಿದೆಯೇ? ಹೇಳಿದೆ. ಆದರೆ ಯಾರ ಬಗ್ಗೆ ಹೇಳಿದೆ ಎಂಬುದು ಫಾರ್ವರ್ಡ್ ಆಗುವಾಗ ಉದುರಿಹೋಗಿದೆ.

ಈ ಮಾತು ಎಲ್ಲಿಂದ ಬಂತು?

'ಕೆಲಸ ಇಲ್ಲದಿದ್ದರೆ ಸಂಬಳ ಇಲ್ಲ' ಎಂಬ ತತ್ವಕ್ಕೆ ಸಾಮಾನ್ಯವಾಗಿ ಉದಾಹರಿಸುವುದು 1990ರಲ್ಲಿ ಬಂದ ಬ್ಯಾಂಕ್ ನೌಕರರ ಮುಷ್ಕರದ ತೀರ್ಪನ್ನು. ನೌಕರರು ಕೆಲವು ಗಂಟೆ ಕೆಲಸ ನಿಲ್ಲಿಸಿದ್ದರು, ಬ್ಯಾಂಕು ಸಂಬಳ ಹಿಡಿದಿತ್ತು. ಹಾಗೆ ಹಿಡಿಯಲು ಬ್ಯಾಂಕಿಗೆ ಹಕ್ಕಿದೆ ಎಂದಿತು ನ್ಯಾಯಾಲಯ. ಅಲ್ಲಿ ಕೆಲಸ ಇತ್ತು, ಕುರ್ಚಿ ಇತ್ತು, ಬಾಗಿಲು ತೆರೆದೇ ಇತ್ತು. ಕೆಲಸ ಮಾಡುವುದಿಲ್ಲ ಎಂದವರು ನೌಕರರು.

ಮರುವರ್ಷವೇ, 1991ರಲ್ಲಿ, ಇದೇ ಸುಪ್ರೀಂ ಕೋರ್ಟ್ ಕೆ.ವಿ. ಜಾನಕಿರಾಮನ್ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು. ಅದು ಸರ್ಕಾರಿ ನೌಕರರ ಬಡ್ತಿಗೆ ಸಂಬಂಧಿಸಿದ್ದು. ನೌಕರ ಕೆಲಸ ಮಾಡಲು ಸಿದ್ಧನಿದ್ದೂ, ಅವನ ತಪ್ಪಿಲ್ಲದೆ ಆಡಳಿತವೇ ಅವನನ್ನು ಕೆಲಸದಿಂದ ದೂರ ಇಟ್ಟಿದ್ದರೆ 'ನೋ ವರ್ಕ್ ನೋ ಪೇ' ಎಂಬ ಸಾಮಾನ್ಯ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ ಎಂದಿತು. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ಈಗ ಆಯಾಳ ವಿಷಯಕ್ಕೆ ಬನ್ನಿ. ಸೋಮವಾರ ಬೆಳಿಗ್ಗೆ 9ಕ್ಕೆ ಬರಲು ಆಕೆ ಸಿದ್ಧ. ಮನೆಗೆ ಬೀಗ ಹಾಕಿ ಹೋದವರು ನಾವು.

ಇದು ಬರೀ ಒಂದು ತೀರ್ಪಿನ ಮಾತಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಕಲಮಿನಲ್ಲೇ ಈ ವ್ಯತ್ಯಾಸ ಇತ್ತು. ದಿನದ ಲೆಕ್ಕದಲ್ಲಿ ದುಡಿಯುವವರಿಗೆ ಮಾಲೀಕರು ಪೂರ್ತಿ ದಿನದಷ್ಟು ಕೆಲಸ ಕೊಡದಿದ್ದರೂ ಪೂರ್ತಿ ದಿನದ ಕೂಲಿ ಕೊಡಬೇಕು. ಕೆಲಸಗಾರರಿಗೇ ಮನಸ್ಸಿಲ್ಲದೆ ಕೆಲಸ ನಿಂತರೆ ಆ ಮಾತು ಬೇರೆ. 2019ರ ವೇತನ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಕಾರ್ಖಾನೆಗಳ ವಿಷಯದಲ್ಲಿ 'ಲೇ ಆಫ್' ಎಂಬುದಿದೆ. ಕಚ್ಚಾ ಸಾಮಗ್ರಿ ಇಲ್ಲ, ಯಂತ್ರ ಕೆಟ್ಟಿದೆ ಎಂದು ಕಾರ್ಮಿಕರನ್ನು ಮನೆಗೆ ಕಳಿಸಿದರೆ, 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 50ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರಿರುವ ಕಾರ್ಖಾನೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕಿತ್ತು. ಮಾಲೀಕರದ್ದೂ ತಪ್ಪಿಲ್ಲದಿರುವಾಗಲೇ ಅರ್ಧ.

ಹಾಗಾದರೆ ಇದೆಲ್ಲ ಮನೆಗೂ ಅನ್ವಯಿಸುತ್ತದಾ?

ನೇರವಾಗಿ ಇಲ್ಲ. ಇದನ್ನು ಮುಚ್ಚಿಟ್ಟರೆ ನಾವೂ ಆ ಫಾರ್ವರ್ಡ್ ಮಾಡಿದವರ ಸಾಲಿಗೇ ಸೇರುತ್ತೇವೆ. 15ನೇ ಕಲಮು ಕೆಲಸಕ್ಕೆ ಬಂದ ದಿನದ ಮಾತು, ಎರಡು ವಾರ ಬೀಗ ಹಾಕಿದ ಮನೆಯದ್ದಲ್ಲ. ಲೇ ಆಫ್ ನಿಯಮ ಕಾರ್ಖಾನೆಯದ್ದು. ಮನೆಕೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ ದರ ನಿಗದಿ ಮಾಡುವುದರಲ್ಲಿ ಕರ್ನಾಟಕ 2004ರಲ್ಲೇ ಮುಂದಿತ್ತು, ಆದರೆ ಅದು ಸಂಬಳದ ಮೊತ್ತದ ಮಾತು. ಮನೆಕೆಲಸದವರಿಗಾಗಿ ದೇಶಕ್ಕೆಲ್ಲ ಅನ್ವಯಿಸುವ ಪ್ರತ್ಯೇಕ ಕಾನೂನು ಇಲ್ಲದಿರುವುದನ್ನು ಗಮನಿಸಿದ ಸುಪ್ರೀಂ ಕೋರ್ಟ್, ಅದರ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸಿ ಎಂದು 2025ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತು. ಮನೆಕೆಲಸದವರಿಗೂ ಸಂಬಳ ಸಹಿತ ವಾರ್ಷಿಕ ರಜೆಯ ಬಗ್ಗೆ ಮೊದಲೇ ತಿಳಿಸಬೇಕು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಪ್ಪಂದ 2011ರಲ್ಲಿ ಬಂತು. ಭಾರತ ಅದರ ಪರ ಮತ ಹಾಕಿತು, ಆಮೇಲೆ ಅನುಮೋದನೆ ಕೊಡದೆ ಸುಮ್ಮನಾಯಿತು.

ಅಂದರೆ 'ಕೊಡಬೇಡಿ' ಎಂದು ಕಾನೂನು ಹೇಳುತ್ತಿಲ್ಲ. ಅದು ನಮ್ಮ ಮೇಲೆ ಬಿಟ್ಟಿದೆ, ಅಷ್ಟೇ.

ತಿಂಗಳ ಸಂಬಳ ಅಂದರೇನು?

ಊರಿಗೆ ಹೋಗುವ ನಾವು ಆ 15 ದಿನಕ್ಕೆ ಏನು ಮಾಡಿರುತ್ತೇವೆ? ಆಫೀಸಿನಲ್ಲಿ ರಜೆ ಹಾಕಿರುತ್ತೇವೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಗಳಿಕೆ ರಜೆ ಇದೆ, ಸಂಬಳ ಸಹಿತ. ಕೆಲಸ ಮಾಡದೆ ನಮಗೆ ಸಂಬಳ ಬರುವ ಆ ದಿನಗಳಲ್ಲೇ ಆಯಾಗೆ 'ನೋ ವರ್ಕ್ ನೋ ಪೇ' ಹೇಳುತ್ತೇವೆ. ಸ್ಕೂಲ್ ವ್ಯಾನಿನವರು ರಜೆಯ ತಿಂಗಳ ದುಡ್ಡು ಕೇಳಿದರೆ ಗೊಣಗುತ್ತಲೇ ಕೊಡುತ್ತೇವೆ. ಸೀಟು ಹೋದರೆ ಎಂಬ ಭಯ.

ಒಂದು ಲೆಕ್ಕ ಹಾಕೋಣ. ಸಂಬಳ ತಿಂಗಳಿಗೆ 15,000 ಎಂದುಕೊಳ್ಳಿ, ದಿನಕ್ಕೆ 500. ಬೇಸಿಗೆಯಲ್ಲಿ 15 ದಿನ, ದಸರೆಗೆ 8 ದಿನ ಕಡಿತ ಮಾಡಿದರೆ ವರ್ಷಕ್ಕೆ 11,500 ಹೋಯಿತು. ಅದರಲ್ಲಿ 7,500 ಒಂದೇ ಏಟಿಗೆ, ಅದೂ ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ. ಆಕೆಗೂ ಮಕ್ಕಳಿರುತ್ತಾರೆ. ಮನೆ ಬಾಡಿಗೆ, ಚೀಟಿ ದುಡ್ಡು, ಸಂಘದ ಸಾಲದ ಕಂತು ಯಾವುದೂ ಆ ತಿಂಗಳು ಅರ್ಧ ಆಗುವುದಿಲ್ಲ. ನಾಲ್ಕೈದು ಮನೆಯಲ್ಲಿ ಪಾತ್ರೆ, ಅಡುಗೆ ಮಾಡುವವರ ಪಾಡು ಇನ್ನೂ ಕಷ್ಟ, ಯಾಕೆಂದರೆ ಎಲ್ಲ ಮನೆಯವರೂ ಊರಿಗೆ ಹೋಗುವುದು ಮಕ್ಕಳ ರಜೆಯಲ್ಲೇ.

"ಆ 15 ದಿನ ಬೇರೆ ಎಲ್ಲಾದರೂ ಕೆಲಸ ಮಾಡಲಿ" ಎನ್ನುವವರಿದ್ದಾರೆ. ಎರಡೇ ವಾರಕ್ಕೆ ಮಗುವನ್ನು ಹೊಸಬರ ಕೈಗೆ ಕೊಡುವ ಮನೆ ಎಷ್ಟಿದ್ದೀತು? ಕಾಯಂ ಕೆಲಸ ಸಿಕ್ಕಿತೋ, ಆಕೆ ವಾಪಸ್ ಬರುವುದಿಲ್ಲ. ನಮ್ಮ ಮಗು ಅಭ್ಯಾಸ ಮಾಡಿಕೊಂಡ ಕೈ ನಮಗೇ ಸಿಗಲಿ ಎಂದು ಬಯಸುವುದಾದರೆ, ಆಕೆ ಕಾದು ಕುಳಿತ ದಿನಗಳಿಗೂ ಬೆಲೆ ಇದೆ.

ಹೊರದೇಶದಲ್ಲಿ ಹೇಗಿದೆ?

ಅಮೆರಿಕದಲ್ಲಿ ಬಹಳ ಮನೆಗಳು ನ್ಯಾನಿ ಜೊತೆಗಿನ ಒಪ್ಪಂದದಲ್ಲಿ 'ಗ್ಯಾರಂಟೀಡ್ ಅವರ್ಸ್' ಎಂದು ಬರೆದಿರುತ್ತವೆ. ವಾರಕ್ಕೆ ಇಷ್ಟು ಗಂಟೆಯ ಸಂಬಳ ಖಚಿತ, ಮನೆಯವರು ಪ್ರವಾಸ ಹೋದರೂ ಸರಿ. ಇದು ಕಾನೂನಲ್ಲ, ರೂಢಿ. ಬ್ರಿಟನ್ನಿನಲ್ಲಿ ಕಾನೂನೇ ಇದೆ: ವಾರಕ್ಕೆ 5 ದಿನ ದುಡಿಯುವ ನ್ಯಾನಿಗೆ ವರ್ಷಕ್ಕೆ 28 ದಿನ ಸಂಬಳ ಸಹಿತ ರಜೆ. ಆ ರಜೆಯನ್ನು ಯಾವಾಗ ತೆಗೆದುಕೊಳ್ಳಬೇಕು ಎಂದು ಮನೆಯವರು ಮುಂಚಿತವಾಗಿ ನೋಟಿಸ್ ಕೊಟ್ಟು ಹೇಳಬಹುದು.

ಈ ಎರಡನೆಯದು ನಮಗೂ ಹೊಂದುವಂಥದ್ದು ಅನಿಸುತ್ತದೆ. ಕೆಲಸಕ್ಕೆ ಸೇರುವ ದಿನವೇ "ಅಕ್ಕಾ, ವರ್ಷಕ್ಕೆ 24 ದಿನ ಸಂಬಳ ಸಹಿತ ರಜೆ. 12 ದಿನ ನಾವು ಊರಿಗೆ ಹೋದಾಗ, 12 ದಿನ ನಿಮಗೆ ಬೇಕಾದಾಗ" ಎಂದು ಮಾತಾಡಿಕೊಳ್ಳಿ. 24 ನಾವು ಉದಾಹರಣೆಗೆ ಹೇಳಿದ್ದು, ನಿಮ್ಮ ಅನುಕೂಲದಂತೆ ಬದಲಿಸಿಕೊಳ್ಳಿ. ಆದರೆ ಪೂರ್ತಿ ರಜೆಯನ್ನು ನಿಮ್ಮ ಪ್ರವಾಸಕ್ಕೇ ಹೊಂದಿಸಬೇಡಿ. ಆಕೆಯ ಊರ ಜಾತ್ರೆ ನಿಮ್ಮ ಗೋವಾ ಟ್ರಿಪ್ ನೋಡಿಕೊಂಡು ಬರುವುದಿಲ್ಲ. ಮಾತಾಡಿದ್ದನ್ನು ಇಬ್ಬರ ಫೋನಿನಲ್ಲೂ ಒಂದು ಮೆಸೇಜ್ ಮಾಡಿಟ್ಟುಕೊಳ್ಳಿ. ಓದಲು ಬಾರದಿದ್ದರೆ ವಾಯ್ಸ್ ಮೆಸೇಜ್ ಆದೀತು. ಆಕೆಯೇ ಹೇಳದೆ ಕೇಳದೆ ವಾರಗಟ್ಟಲೆ ಬಾರದಿದ್ದರೆ ಏನು ಎಂಬುದನ್ನೂ ಅದರಲ್ಲೇ ಸೇರಿಸಿ. ಅದು ಬೇರೆ ಸಂಗತಿ, ಅಲ್ಲಿ ಕಡಿತ ಮಾಡುವುದರಲ್ಲಿ ಅನ್ಯಾಯವಿಲ್ಲ.

ಮಗಳ ಬಾಣಂತನಕ್ಕೆಂದು ಎರಡು ಮೂರು ತಿಂಗಳು ಅಮೆರಿಕಕ್ಕೆ ಹೋಗುವವರ ಕಥೆ? ಅಷ್ಟೂ ತಿಂಗಳು ಪೂರ್ತಿ ಸಂಬಳ ಕೊಡಿ ಎಂದರೆ ಬಹಳ ಮನೆಗಳಿಗೆ ಆಗದ ಮಾತು. ನಮ್ಮ ಅಭಿಪ್ರಾಯದಲ್ಲಿ ಒಂದು ತಿಂಗಳವರೆಗೆ ಪೂರ್ತಿ, ಆಮೇಲೆ ಅರ್ಧ, ಜೊತೆಗೆ ಬೇರೆ ಕೆಲಸ ಹಿಡಿಯಲು ಪೂರ್ತಿ ಸ್ವಾತಂತ್ರ್ಯ. ಮುಖ್ಯವಾಗಿ, ಟಿಕೆಟ್ ಬುಕ್ ಆದ ದಿನವೇ ಆಕೆಗೂ ಹೇಳಿ, ಹೊರಡುವ ಹಿಂದಿನ ಸಂಜೆಯಲ್ಲ.

ಆಯಾಳನ್ನು ಪ್ರವಾಸಕ್ಕೆ ಜೊತೆಗೇ ಕರೆದುಕೊಂಡು ಹೋದರೆ ಅದು ರಜೆ ಅಲ್ಲ, ರಾತ್ರಿಯೂ ಸೇರಿದ ಕೆಲಸ. "ಅವರಿಗೂ ಊರು ಸುತ್ತಿದ ಹಾಗಾಯ್ತು" ಎಂದು ಹೇಳಿ ಆ ದಿನಗಳನ್ನು ರಜೆಯ ಲೆಕ್ಕಕ್ಕೆ ಹಾಕಬೇಡಿ. ಹಾಗೆಯೇ ನಾವಿಲ್ಲದಾಗ "ಎರಡು ದಿನಕ್ಕೊಮ್ಮೆ ಬಂದು ಗಿಡಕ್ಕೆ ನೀರು ಹಾಕಿ ಹೋಗಿ" ಎಂದಿದ್ದರೆ ಅದೂ ಕೆಲಸವೇ. ಇನ್ನು ಈ ಬಾರಿ ಊರಿಗೆ ಹೊರಡುವಾಗ 1ನೇ ತಾರೀಕು ನಡುವೆ ಬರುವಂತಿದ್ದರೆ, ಸಂಬಳವನ್ನು ಹೊರಡುವ ಮುಂಚೆಯೇ ಕೊಟ್ಟು ಹೋಗಿ. ಯುಪಿಐ ಇದೆಯಲ್ಲ ಎಂದುಕೊಂಡವರೇ ಮರೆತು, ವಾಪಸ್ ಬಂದ ಮೇಲೆ 10ನೇ ತಾರೀಕಿಗೆ ಕೊಡುವುದು.