ತೇಗದ ಮರದ ವಂಶಗುಣವೂ ಪೂರ್ವಕಾಲದ ಹವೆಯೂ

ರಾಗಿ, ಭತ್ತ ಮೊದಲಾದ ಪೈರುಗಳಲ್ಲಿ ಬೀಜದ ಗುಣವೇ ಬೆಳೆಯ ಗುಣಕ್ಕೆ ಮೂಲವೆಂಬುದು ರೈತರೆಲ್ಲರಿಗೂ ತಿಳಿದ ವಿಷಯವಾಗಿದೆ. ಮರಗಳ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆಯು ಅಷ್ಟಾಗಿ ಕಂಡುಬರುವುದಿಲ್ಲ. ರಾಗಿಯ ಬೀಜ ಕೆಟ್ಟದ್ದಾದರೆ ನಷ್ಟವು ಒಂದು ವರ್ಷಕ್ಕೆ ಮುಗಿಯುವುದು. ತೇಗದ ಬೀಜ ಕೆಟ್ಟದ್ದಾದರೆ ನಷ್ಟವು ಮಕ್ಕಳ ಕಾಲದಲ್ಲಿ ಗೊತ್ತಾಗುವುದು. ಆದುದರಿಂದ ಈ ಮರದ ವಂಶಗುಣಗಳು ಹೇಗೆ ಉಂಟಾದುವೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಯುಕ್ತವಾಗಿದೆ.

ತೇಗವು ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆಯುದುರಿಸುವ ಕಾಡುಗಳ ಮರ. ಭಾರತ, ಮ್ಯಾನ್ಮಾರ್, ಥೈಲೆಂಡ್, ಲಾವೋಸ್ ಈ ನಾಲ್ಕು ದೇಶಗಳಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ. ಕರ್ನಾಟಕದಲ್ಲಿ ದಾಂಡೇಲಿ, ಕಾಕನಕೋಟೆಯ ಕಾಡುಗಳು ಇದಕ್ಕೆ ಹೆಸರಾದುವು.

ಈ ಸೀಮೆಗಳ ಹವೆಯು ಎಂದೆಂದಿಗೂ ಇಂದಿನಂತೆಯೇ ಇದ್ದಿತೆಂದು ಭಾವಿಸತಕ್ಕದ್ದಲ್ಲ. ಸುಮಾರು 20,000 ವರ್ಷಗಳ ಹಿಂದೆ, ಕಳೆದ ಹಿಮಯುಗವು ಪ್ರಬಲವಾಗಿದ್ದಾಗ, ಸಮುದ್ರದ ಮಟ್ಟವು ಈಗಿನದಕ್ಕಿಂತ ಸುಮಾರು 120 ಮೀಟರು ಕೆಳಗಿದ್ದಿತು. ಮುಂಗಾರು ಮಳೆಯು ಬಲಗುಂದಿದ್ದಿತು. ನೀಲಗಿರಿಯ ಜೌಗುಮಣ್ಣಿನ ಪದರಗಳ ಪರೀಕ್ಷೆಯ ಫಲಿತಾಂಶವು 1993ರಲ್ಲಿ ಪ್ರಕಟವಾಯಿತು. ಒಣಹವೆಯ ಹುಲ್ಲೂ ಮರಗಳೂ ಭಾರವಾದ ಮತ್ತು ಹಗುರವಾದ ಇಂಗಾಲವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಆಯಾ ಪದರದ ಇಂಗಾಲವನ್ನು ಅಳೆದು ಆಗ ಯಾವ ಬಗೆಯ ಸಸ್ಯಗಳು ಹೆಚ್ಚಾಗಿದ್ದುವೆಂದು ತಿಳಿಯಬಹುದು. ಒಣಕಾಲವೂ ಮಳೆಯ ಕಾಲವೂ ಸಾವಿರಾರು ವರ್ಷಗಳಿಗೊಮ್ಮೆ ಸರದಿಯಂತೆ ಬಂದುವೆಂಬುದು ಇದರಿಂದ ಸ್ಪಷ್ಟವಾಯಿತು.

ಮಳೆಯು ಕುಗ್ಗಿದಾಗ ಕಾಡುಗಳು ತೇವವುಳಿದ ಕಣಿವೆಗಳಿಗೂ ಹೊಳೆಯ ದಡಗಳಿಗೂ ಹಿಮ್ಮೆಟ್ಟಿ, ನಡುವೆ ಬಯಲು ಬಿದ್ದು ಗುಂಪುಗುಂಪಾಗಿ ಬೇರ್ಪಟ್ಟುವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಒಂದು ಗುಂಪಿನ ಪರಾಗವು ಮತ್ತೊಂದಕ್ಕೆ ತಲಪದಂತಾದುದರಿಂದ ಪ್ರತಿಯೊಂದು ಗುಂಪಿನಲ್ಲಿಯೂ ಕೆಲವು ಗುಣಗಳು ನಿಂತುವು, ಕೆಲವು ಅಳಿದುವು. ಮಳೆಯು ಮರಳಿದಾಗ ಕಾಡು ಹಬ್ಬಿತು. ಆದರೆ ಹೊಸ ನೆಲವನ್ನು ಮುಟ್ಟಿದ್ದು ಅಂಚಿನ ಕೆಲವೇ ಮರಗಳ ಸಂತಾನ. ಹಲವು ಬಣ್ಣದ ಅವರೆಕಾಳು ತುಂಬಿದ ಮಡಕೆಯಿಂದ ಒಂದು ಹಿಡಿಯನ್ನು ತೆಗೆದರೆ ಎಲ್ಲ ಬಣ್ಣಗಳೂ ಬರುವುದಿಲ್ಲವಷ್ಟೆ. ಭಾರತದ ತೇಗದಲ್ಲಿ ವಂಶಗುಣದ ವೈವಿಧ್ಯವು ಹೆಚ್ಚಾಗಿಯೂ, ಪೂರ್ವದ ಅಂಚಿನಲ್ಲಿರುವ ಲಾವೋಸ್‌ನ ತೇಗದಲ್ಲಿ ಕಡಿಮೆಯಾಗಿಯೂ ಕಂಡುಬಂದುದಕ್ಕೆ ಇದೇ ಕಾರಣವಿರಬಹುದೆಂದು ಎಣಿಸಲಾಗಿದೆ.

ಈ ವೈವಿಧ್ಯವೇ ಕಾಡಿನ ಆಪದ್ಧನ. ಬರ ಬಂದರೆ ತಾಳುವ ಮರವೊಂದು, ಕೀಟ ಬಂದರೆ ಉಳಿಯುವ ಮರ ಮತ್ತೊಂದು. ಹವೆಯು ಈಗ ಪುನಃ ಬದಲಾಗುತ್ತಿದೆ. ಅದೂ ಹಿಂದಿಗಿಂತ ವೇಗವಾಗಿ. ಹಿಂದೆ ಕಾಡಿಗೆ ಹಿಮ್ಮೆಟ್ಟುವುದಕ್ಕೆ ಕಣಿವೆಗಳಿದ್ದುವು; ಇಂದು ಆ ಕಣಿವೆಗಳಲ್ಲಿ ಹೊಲ, ತೋಟ, ಊರುಗಳಿವೆ. ಆದುದರಿಂದ ಮರಗಳು ತಾವೇ ಮಾಡಲಾರದ ಕೆಲಸವನ್ನು ನೆಡುವವರು ಮಾಡಬೇಕಾಗಿದೆ.

ಬೀಜವನ್ನು ಒಂದೇ ಮರದಿಂದ ಆರಿಸಬಾರದು. ತೇಗದ ಹೂವಿಗೆ ಜೇನು ಮೊದಲಾದ ಹುಳುಗಳು ಪರಾಗವನ್ನು ತರುತ್ತವೆ; ತನ್ನದೇ ಪರಾಗದಿಂದ ಅದು ಚೆನ್ನಾಗಿ ಕಾಯಿ ಕಟ್ಟುವುದಿಲ್ಲ. ಆದುದರಿಂದ ಒಂಟಿಮರದ ಬೀಜವು ಬಹುಮಟ್ಟಿಗೆ ಜೊಳ್ಳಾಗಿರುತ್ತದೆ. ಪರಸ್ಪರ ದೂರವಿರುವ 25–30 ಒಳ್ಳೆಯ ಮರಗಳ ಬೀಜವನ್ನು ಕೂಡಿಸಿ ಒಟ್ಲುಪಾತಿಗೆ ಹಾಕುವುದು ಉತ್ತಮ. ನೆಡತಕ್ಕ ಸ್ಥಳದ ಮಳೆಗೂ ಮಣ್ಣಿಗೂ ಹೊಂದಿದ ಸೀಮೆಯ ಬೀಜವನ್ನೇ ತರಿಸಬೇಕು. ನೆಟ್ಟಗಿನ ಮರಗಳನ್ನೆಲ್ಲ ಕಡಿದು ಸೊಟ್ಟ ಮರಗಳನ್ನು ಬೀಜಕ್ಕೆ ಉಳಿಸುವುದು, ಗಟ್ಟಿ ತೆನೆಯನ್ನು ಉಂಡು ಜೊಳ್ಳನ್ನು ಬಿತ್ತಿದಂತೆಯೇ ಸರಿ. ಗ್ರಾಮದ ಮುಖಂಡರು ತಮ್ಮ ಎಲ್ಲೆಯಲ್ಲಿರುವ ಹಳೆಯ ತೇಗದ ಮರಗಳಲ್ಲಿ ಉತ್ತಮವಾದುವನ್ನು ಗುರುತಿಸಿ ಬೀಜಕ್ಕಾಗಿ ಕಾಪಾಡಿಸಿದರೆ, ಸಾವಿರಾರು ವರ್ಷಗಳಿಂದ ಕೂಡಿಬಂದ ಸೊತ್ತು ಮುಂದಿನವರಿಗೂ ದೊರೆಯುವುದು.